43ರಲ್ಲಿ ಲ್ಯಾಬ್ ಬಿಟ್ಟು ಹಣಕಾಸಿನ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ನನಗೆ 43 ವರ್ಷ. ಕಡಲ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ 14 ವರ್ಷದಿಂದ ಒಂದರ ಹಿಂದೆ ಒಂದು ಪ್ರಾಜೆಕ್ಟ್‌ನಲ್ಲಿ ಇದ್ದೇನೆ. ಕಾಳಿ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಕೆಸರು ತೆಗೆದು, ಜರಡಿ ಹಿಡಿದು, ಅದರಲ್ಲಿ ಸಿಕ್ಕಿದ ಹುಳ, ಚಿಪ್ಪು ಎಣಿಸುವುದು ನನ್ನ ಕೆಲಸ. ಈ ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುತ್ತದೆ. ಪರ್ಮನೆಂಟ್ ಆಗುವ ವಯಸ್ಸು ದಾಟಿದೆ. ಯಜಮಾನರದ್ದು ಸಣ್ಣ ಸಂಬಳ, ಮಗಳು ಎಂಟನೇ ಕ್ಲಾಸು. ಎರಡು ವರ್ಷದಿಂದ ರಾತ್ರಿ ಹೊತ್ತು ಹಣಕಾಸಿನ ವಿಷಯ ಓದುತ್ತಿದ್ದೇನೆ, ನಿಜವಾಗಿ ಇಷ್ಟವಾಗಿದೆ. ಪೂರ್ತಿ ಆ ಕಡೆ ಹೋಗಿಬಿಡಲಾ? ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಂತ ಅಮ್ಮ ಅಳುತ್ತಾರೆ.
– ಹೆಸರು ಬೇಡ, ಸದಾಶಿವಗಡ

ಉತ್ತರ: ಹೋಗಿ. ಆದರೆ ಮಾರ್ಚಿನವರೆಗೆ ಕಾಯಬೇಡಿ, ಈಗಲೇ ಶುರು ಮಾಡಿ. ಮತ್ತೆ, ಹೋಗುವಾಗ ಜರಡಿ ಇಲ್ಲೇ ಬಿಟ್ಟು ಹೋಗಬೇಡಿ. ನಾನು ಹೇಳಬೇಕಾದ ಮುಖ್ಯ ಮಾತು ಅದೇ.

ನಾನು 39ರಲ್ಲಿ ಭೌತಶಾಸ್ತ್ರದ ಸಂಶೋಧನೆ ಬಿಟ್ಟು ಬೆಂಗಳೂರಿನ ಒಂದು ಬ್ಯಾಂಕಿನ ರಿಸ್ಕ್ ವಿಭಾಗ ಸೇರಿದವಳು. 12 ವರ್ಷ ಅಲ್ಲಿ ದುಡಿದು ಈಗ ಶಿರಸಿಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸೇರಿದ ಮೊದಲ ತಿಂಗಳು ನನಗೊಂದು ಕೆಲಸ ಕೊಟ್ಟರು. ಒಂದು ಬಗೆಯ ಸಾಲಗಳಲ್ಲಿ ಎಷ್ಟು ಮುಳುಗಬಹುದು ಅಂತ ಲೆಕ್ಕ ಹಾಕಬೇಕಿತ್ತು. ಹದಿನೆಂಟು ಪುಟ ಬರೆದೆ. ನೂರಕ್ಕೆ ಎರಡರಿಂದ ಏಳರವರೆಗೆ ಮುಳುಗಬಹುದು, ಖಚಿತವಾಗಿ ಹೇಳಲು ಇನ್ನಷ್ಟು ಮಾಹಿತಿ ಬೇಕು ಅಂತ ಮುಗಿಸಿದೆ. ನನ್ನ ಮ್ಯಾನೇಜರಿಗೆ ಆಗ 28 ವರ್ಷ. ಕೂತು ಪೂರ್ತಿ ಓದಿದ. ಆಮೇಲೆ ಮೆತ್ತಗೆ ಕೇಳಿದ, "ಮೇಡಂ, ಹಾಗಾದ್ರೆ ಎಷ್ಟು ದುಡ್ಡು ಎತ್ತಿಡೋಣ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲ್ಯಾಬಿನಲ್ಲಿ "ಇನ್ನಷ್ಟು ಮಾಹಿತಿ ಬೇಕು" ಅನ್ನುವುದು ಪ್ರಾಮಾಣಿಕ ಮಾತು. ಇಲ್ಲಿ ಸಂಜೆಯೊಳಗೆ ಯಾರಾದರೂ ಸಹಿ ಹಾಕಲೇಬೇಕು. ಮರುದಿನ ಹೋಗಿ "ಐದು" ಅಂದೆ. ಈ ಐದು ಯಾವಾಗ ತಪ್ಪಾಗುತ್ತದೆ ಅಂತ ಕೆಳಗೆ ನಾಲ್ಕು ಸಾಲು ಬರೆದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಜನ ನನ್ನ ಮೇಜಿನ ಹತ್ತಿರ ಬರುತ್ತಿದ್ದುದೇ ಆ ನಾಲ್ಕು ಸಾಲಿಗೆ. ಲೆಕ್ಕ ಹಾಕುವವರು ಆ ಆಫೀಸಿನಲ್ಲಿ ಬೇಕಾದಷ್ಟು ಇದ್ದರು. ತಮ್ಮ ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತ ಮೊದಲೇ ಹೇಳುವವರು ಕಡಿಮೆ ಇದ್ದರು. ಆ ಅಭ್ಯಾಸ ನಿಮಗೆ 14 ವರ್ಷದಿಂದ ಇದೆ. ಅರ್ಧ ಮಿಲಿಮೀಟರ್ ಜರಡಿಯಲ್ಲಿ ನಿಲ್ಲದೆ ಹೋಗಿದ್ದನ್ನು ಎಣಿಸಿಲ್ಲ ಅಂತ ನೀವು ವರದಿಯಲ್ಲಿ ಬರೆಯುತ್ತೀರಿ, ಅಲ್ವಾ? ಅದೇ ಅಭ್ಯಾಸ.

ಈಗ ಬಾಗಿಲುಗಳ ವಿಷಯ. ಕೆಲವು ಮುಚ್ಚಿವೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆಗೆ ವಯಸ್ಸಿನ ಮಿತಿ 30, ಪಿಎಚ್‌ಡಿ ಆದವರಿಗೆ 34. ನಬಾರ್ಡ್ ಗ್ರೇಡ್ ಎ ಕೂಡ 30ಕ್ಕೇ ನಿಲ್ಲುತ್ತದೆ. ಅವಕ್ಕಾಗಿ ಯಾರಾದರೂ ಕೋಚಿಂಗ್ ಸೇರಿ ಅಂದರೆ ಸುಮ್ನೆ ದುಡ್ಡು ಕಳೆಯಬೇಡಿ. ಸಿಎಫ್‌ಎ ಅನ್ನುವ ಹೂಡಿಕೆ ವಿಶ್ಲೇಷಣೆಯ ಪರೀಕ್ಷೆ ಬಗ್ಗೆ ನೀವು ಓದಿಯೇ ಇರುತ್ತೀರಿ. ಅದಕ್ಕೆ ವಯಸ್ಸಿನ ಅಡ್ಡಿ ಇಲ್ಲ. ಆದರೆ ಮೂರು ಹಂತ, ಒಂದೊಂದಕ್ಕೂ ಸುಮಾರು 300 ತಾಸು ಓದಬೇಕು ಅಂತ ಅವರೇ ಹೇಳುತ್ತಾರೆ. ಅಂದರೆ ಮನೆ ಕೆಲಸ, ಮಗಳ ಓದು ಎಲ್ಲ ಮುಗಿಸಿ ದಿನಾ ಎರಡು ತಾಸು ಕೂತರೂ ಒಂದು ಹಂತಕ್ಕೆ ಐದು ತಿಂಗಳು. ಶುಲ್ಕ ಡಾಲರಿನಲ್ಲಿ. ಕಂಪನಿಗಳನ್ನು ಅಳೆದು ತೂಗುವ ಕೆಲಸವೇ ಬೇಕು ಅನ್ನುವುದಾದರೆ ಮಾಡಿ. ಸರ್ಟಿಫಿಕೇಟ್ ಇದ್ದರೆ ಕೆಲಸ ತಾನಾಗಿ ಬರುತ್ತದೆ ಅಂತ ಮಾಡಬೇಡಿ. ರಿಸ್ಕ್ ಕಡೆ, ಅಂದರೆ ದುಡ್ಡು ಮುಳುಗುವ ಅಪಾಯ ಅಳೆಯುವ ಕಡೆ ಮನಸ್ಸಿದ್ದರೆ ಎಫ್‌ಆರ್‌ಎಂ ಅನ್ನುವ ಪರೀಕ್ಷೆ ಇದೆ, ಎರಡೇ ಭಾಗ. ನಮ್ಮಂಥವರ ಲೆಕ್ಕದ ರೀತಿಗೆ ಅದು ಹತ್ತಿರ.

ನಿಮಗೆ ನಿಜವಾಗಿ ತೆರೆದಿರುವ ಬಾಗಿಲು ಎಲ್ಲಿದೆ ಅಂತ ಹೇಳುತ್ತೇನೆ. ಷೇರು ಪೇಟೆಯಲ್ಲಿ ದೊಡ್ಡದಾಗಿರುವ ಮೊದಲ ಸಾವಿರ ಕಂಪನಿಗಳು ಪರಿಸರಕ್ಕೆ, ಜನಕ್ಕೆ ತಮ್ಮಿಂದ ಏನಾಗಿದೆ ಅಂತ ಪ್ರತಿ ವರ್ಷ ವರದಿ ಕೊಡಬೇಕು ಅಂತ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಬ್ಯಾಂಕುಗಳು ಹಸಿರು ಠೇವಣಿ ಅಂತ ದುಡ್ಡು ತೆಗೆದುಕೊಂಡರೆ ಅದು ನಿಜವಾಗಿ ಹಸಿರು ಕೆಲಸಕ್ಕೇ ಹೋಯಿತಾ ಅಂತ ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2023ರ ಜೂನ್‌ನಿಂದ. ಈ ಕಾಗದಗಳನ್ನು ಓದುವವರು ಬೇಕು. ಒಂದು ಕಂಪನಿ "ನದಿ ದಡದಲ್ಲಿ ಹತ್ತು ಸಾವಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟಿದ್ದೇವೆ" ಅಂತ ಬರೆಯಿತು ಅಂದುಕೊಳ್ಳಿ. ಲೆಕ್ಕ ಓದಿದ ಹುಡುಗ ಬಿಲ್ಲು, ಫೋಟೋ ನೋಡಿ ಟಿಕ್ ಹಾಕುತ್ತಾನೆ. ನೀವು ಕೇಳುತ್ತೀರಿ: ಯಾವ ಜಾತಿ, ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ, ಒಂದು ಮಳೆಗಾಲ ಕಳೆದ ಮೇಲೆ ಎಷ್ಟು ಉಳಿದಿವೆ? ಈ ಮೂರು ಪ್ರಶ್ನೆ ಕೇಳಲು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಗೊತ್ತಿರಬೇಕು.

ಇನ್ನೊಂದು ಬಾಗಿಲು ಇನ್ನೂ ಹತ್ತಿರದ್ದು. ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಸಿಗಲಿ ಅಂತ 2018-19ರ ಬಜೆಟ್‌ನಲ್ಲೇ ಹೇಳಿದರು. ಜಲಕೃಷಿ ವಿಮೆಗೆ ಪ್ರೋತ್ಸಾಹ ಕೊಡುವ ಕೇಂದ್ರದ ಯೋಜನೆಗೆ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಸಾಲ ಕೊಡುವವರಿಗೆ, ವಿಮೆ ಮಾಡುವವರಿಗೆ ಕಡಲು ಗೊತ್ತಿರಬೇಕಲ್ಲ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, 61 ದಿನ. ಆ ಎರಡು ತಿಂಗಳೂ ಕಂತು ಕಟ್ಟು ಅಂದರೆ ದೋಣಿಯವನು ಎಲ್ಲಿಂದ ತರಬೇಕು? ತಾರಲೆ ಮೀನು ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ನಾಪತ್ತೆ. ಸಿಗಡಿ ಕೆರೆಗೆ ಬಿಳಿಚುಕ್ಕೆ ರೋಗ ಬಂದರೆ ಕೆಲವೇ ದಿನದಲ್ಲಿ ಕೆರೆ ಖಾಲಿ. ಇದನ್ನೆಲ್ಲ ಬಲ್ಲವರು ಸಾಲದ ಕಂತು, ವಿಮೆಯ ಷರತ್ತು ಬರೆಯುವ ಜಾಗದಲ್ಲಿ ಕೂರಬೇಕು ಅಂತ ನನಗೆ ಬಹಳ ಆಸೆ. ಸಹಕಾರಿ ಬ್ಯಾಂಕುಗಳು, ವಿಮಾ ಕಂಪನಿಗಳು, ಅವರಿಗೆ ಸಲಹೆ ಕೊಡುವ ಸಂಸ್ಥೆಗಳು, ಎಲ್ಲರಿಗೂ ಅರ್ಜಿ ಬರೆಯಿರಿ. ಪ್ರಕಟವಾದ ಲೇಖನಗಳ ಉದ್ದ ಪಟ್ಟಿ ಕಳಿಸಬೇಡಿ. ಇಂಥದ್ದೊಂದು ವಿಷಯ ತೆಗೆದುಕೊಂಡು ಎರಡು ಪುಟ ಬರೆದು ಜೊತೆಗಿಡಿ.

ಸಂಬಳ ಮೊದಲ ಎರಡು ವರ್ಷ ಈಗಿನದಕ್ಕಿಂತ ಕಡಿಮೆಯಾದರೂ ಆಗಬಹುದು. ಕೆಲಸ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸಿಗುವುದೇ ಜಾಸ್ತಿ. ಮಗಳ ಹತ್ತನೇ ಕ್ಲಾಸು ಹತ್ತಿರ ಬರುತ್ತಿದೆ, ಇದನ್ನು ಮನೆಯಲ್ಲಿ ಈಗಲೇ ಕೂತು ಮಾತಾಡಿ. ಎಂಟು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಲಿ. ಆರೋಗ್ಯ ವಿಮೆ ಪ್ರಾಜೆಕ್ಟ್ ಮುಗಿಯುವ ಮೊದಲೇ ಮಾಡಿಸಿ. ಊರಲ್ಲೇ ಇರಬೇಕು ಅಂತಾದರೆ ಮ್ಯೂಚುವಲ್ ಫಂಡ್ ವಿತರಕರಾಗುವ ದಾರಿ ಇದೆ. ಅದಕ್ಕೆ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಐದು-ಎ ಪರೀಕ್ಷೆ, ಎರಡು ತಾಸು, 100 ಪ್ರಶ್ನೆ, 50 ಅಂಕ ಬಂದರೆ ಪಾಸು. ಆಮೇಲೆ ಫಂಡ್ ಕಂಪನಿಗಳ ಸಂಘ ಆಂಫಿಯಿಂದ ಎಆರ್‌ಎನ್ ಅನ್ನುವ ನೋಂದಣಿ ನಂಬರ್ ತಗೊಳ್ಳಬೇಕು. ನಿಮಗೆ ಪರೀಕ್ಷೆ ಸುಲಭ. ಕಷ್ಟ ಬೇರೆಯದು. ಅಲ್ಲಿ ನಿಮಗೆ ದುಡ್ಡು ಕೊಡುವುದು ಫಂಡ್ ಕಂಪನಿ, ಎದುರು ಕೂತವರಲ್ಲ. "ಡಾಕ್ಟರ್ ಬಾಯಿ ಹೇಳಿದ್ರು" ಅಂತ ಊರಿನವರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಆ ನಂಬಿಕೆಯ ಭಾರ ಹೊರಲು ತಯಾರಿದ್ದರೆ ಮಾತ್ರ ಇಳಿಯಿರಿ.

ಅಮ್ಮನಿಗೆ ಮೇಲಿನ ಕಾಂಡ್ಲಾ ಗಿಡದ ಭಾಗ ಓದಿ ಹೇಳಿ. ನೀವೂ ಒಂದು ದಿನ ಅಳುತ್ತೀರಿ. ನಾನೂ ಅತ್ತಿದ್ದೆ, ಲ್ಯಾಬಿನ ಬೀಗದ ಕೈ ವಾಪಸ್ ಕೊಟ್ಟ ಮಧ್ಯಾಹ್ನ, ಬಸ್ಸಿನಲ್ಲಿ. ಅಳಬಾರದು ಅಂತ ನಾನು ಹೇಳುವುದಿಲ್ಲ.

ಪ್ರಶ್ನೆ: ನನಗೆ 51, ರಸಾಯನಶಾಸ್ತ್ರದ ಸಂಶೋಧನೆಯಲ್ಲಿದ್ದೆ. ಈಗ ಆಕ್ಚುರಿ (ವಿಮೆಯ ಅಪಾಯದ ಲೆಕ್ಕ ಹಾಕುವವರು) ಪರೀಕ್ಷೆಗಳಿಗೆ ಕೂರಬಹುದಾ?
– ಅಂಕೋಲಾ

ಉತ್ತರ: ಕೂರಬಹುದು. ಆದರೆ ಪೂರ್ತಿ ಮುಗಿಸಲು ಅನೇಕ ವರ್ಷ ಬೇಕು, ಅಷ್ಟು ಹೊತ್ತಿಗೆ ನಿಮಗೆ ನಿವೃತ್ತಿಯ ವಯಸ್ಸು ಹತ್ತಿರವಾಗಿರುತ್ತದೆ. ಓದುವ ಖುಷಿಗೆ ಅಂತಾದರೆ ಸರಿ. ಸಂಪಾದನೆಗೆ ಅಂತಾದರೆ ಬೇಡ.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ತಮ್ಮ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ವಿದೇಶದಲ್ಲಿ ಎರಡು ಕಡೆ ಸಂಶೋಧನೆ ಮಾಡಿ, 37ಕ್ಕೆ ವಾಪಸ್ ಬಂದಿದ್ದಾನೆ. ಈಗ ಮೆತ್ತಿಯ ಮೇಲೆ ಕೂತು ದಿನವಿಡೀ ಆಪ್ಶನ್ ಟ್ರೇಡಿಂಗ್, ಅಂದರೆ ಷೇರು ಬೆಲೆ ಮುಂದೆ ಏರುತ್ತದಾ ಇಳಿಯುತ್ತದಾ ಅಂತ ದುಡ್ಡು ಹಾಕುವುದು. ಕಳೆದ ವರ್ಷದ ಚಾಲಿ ಅಡಿಕೆ ಮಾರಿದ ದುಡ್ಡನ್ನು ಅಪ್ಪಯ್ಯ ಅವನ ಕೈಗೆ ಕೊಟ್ಟಿದ್ದಾರೆ. ಕೇಳಿದರೆ, ಪೇಟೆಯಲ್ಲಿ ಅಪಾರ ದುಡ್ಡು ಮಾಡಿದ ಅಮೆರಿಕದ ಜಿಮ್ ಸೈಮನ್ಸ್ ಕೂಡ ಗಣಿತದ ಪ್ರೊಫೆಸರ್ ಆಗಿದ್ದವರೇ ಅನ್ನುತ್ತಾನೆ.
– ಶಿರಸಿ ತಾಲೂಕು

ಉತ್ತರ: ಸೈಮನ್ಸ್ ವಿಷಯ ನಿಜ. 1978ರಲ್ಲಿ, 40ನೇ ವಯಸ್ಸಿನಲ್ಲಿ ಪ್ರೊಫೆಸರ್ ಕೆಲಸ ಬಿಟ್ಟು ಪೇಟೆಗೆ ಇಳಿದರು. ಆದರೆ ಒಬ್ಬರೇ ಫೋನ್ ಹಿಡಿದು ಕೂತಿರಲಿಲ್ಲ. ಗಣಿತದವರನ್ನು, ಭೌತಶಾಸ್ತ್ರದವರನ್ನು ಸೇರಿಸಿ, ವರ್ಷಗಟ್ಟಲೆ ಹಳೆಯ ಬೆಲೆಗಳನ್ನು ಕೂಡಿಹಾಕಿದರು. ತಮ್ಮನಿಗೆ ಇನ್ನೆರಡು ಸಂಗತಿ ತೋರಿಸಿ. 1998ರಲ್ಲಿ ಅಮೆರಿಕದಲ್ಲಿ ಎಲ್‌ಟಿಸಿಎಂ ಅನ್ನುವ ಫಂಡ್ ಮುಳುಗಿತು. ಅದನ್ನು ನಡೆಸುವವರಲ್ಲಿ ಇಬ್ಬರಿಗೆ ಹಿಂದಿನ ವರ್ಷ ತಾನೇ ಅರ್ಥಶಾಸ್ತ್ರದ ನೊಬೆಲ್ ಬಂದಿತ್ತು. ನಮ್ಮಲ್ಲಿ ಸೆಬಿ 2024ರಲ್ಲಿ ಹೊರತಂದ ಲೆಕ್ಕ ಹೀಗಿದೆ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷದಲ್ಲಿ ಫ್ಯೂಚರ್ಸ್, ಆಪ್ಶನ್ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಹೆಚ್ಚು. ವಿಜ್ಞಾನಿ ಆದವನು ಈ ಅಂಕಿ ನೋಡಿ ಉಳಿದ ಏಳು ಮಂದಿಯಲ್ಲಿ ನಾನೊಬ್ಬ ಅಂತ ಯಾವ ಆಧಾರದ ಮೇಲೆ ಹೇಳುತ್ತಾನೆ ಅಂತ ಕೇಳಿ. ಜಗಳ ಮಾಡಬೇಡಿ, ಕೇಳಿ.

ಅವನ ಓದಿಗೆ ಕೆಲಸ ಅಂಗಳದಲ್ಲೇ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ನೀವು ಅಡಿಕೆ, ಮೆಣಸಿಗೆ ಶೇ. 5ರಷ್ಟು ಕಂತು ಕಟ್ಟುತ್ತೀರಿ. ಪರಿಹಾರ ನಿಂತಿರುವುದು ಪಂಚಾಯ್ತಿಯ ಮಳೆಮಾಪಕದ ಮೇಲೆ. ಗುಡ್ಡದ ಆಚೆ ಬಿದ್ದ ಮಳೆ ಬೇರೆ, ಈಚೆ ತೋಟದಲ್ಲಿ ಬಿದ್ದದ್ದು ಬೇರೆ. ಎರಡು ಸಲ ಮದ್ದು ಹೊಡೆದರೂ ಕೊಳೆ ರೋಗ ಬಂದಿರುತ್ತದೆ, ಮಾಪಕದ ಲೆಕ್ಕದಲ್ಲಿ ಏನೂ ಆಗಿರುವುದಿಲ್ಲ. ಈ ವ್ಯತ್ಯಾಸ ಎಷ್ಟು, ಅದನ್ನು ಕಡಿಮೆ ಮಾಡುವುದು ಹೇಗೆ ಅನ್ನುವುದು ವಿಮೆಯವರು ತಲೆಕೆಡಿಸಿಕೊಳ್ಳುವ ನಿಜವಾದ ಪ್ರಶ್ನೆ. ಒಂದು ಮಳೆಗಾಲ ತೋಟದಲ್ಲಿ ದಿನಾ ಮಳೆ ಅಳೆದು, ಪಂಚಾಯ್ತಿಯ ಅಂಕಿ ಜೊತೆ ಇಟ್ಟು ನೋಡಲಿ. ಅದನ್ನು ಕೈಯಲ್ಲಿ ಹಿಡಿದು ಯಾವ ವಿಮಾ ಕಂಪನಿಗಾದರೂ ಕೆಲಸ ಕೇಳಲು ಹೋಗಬಹುದು.

ಅದಕ್ಕೂ ಮೊದಲು ಬ್ರೋಕರ್ ಕಳಿಸುವ ವರ್ಷದ ಲಾಭ-ನಷ್ಟದ ಪಟ್ಟಿ ಪ್ರಿಂಟ್ ತೆಗೆಸಿ. ಶುಲ್ಕ, ತೆರಿಗೆ ಎಲ್ಲ ಕಳೆದ ಮೇಲಿನ ಅಂಕಿಗೆ ಗೆರೆ ಎಳೆದು, ಅಪ್ಪಯ್ಯ ಆಸ್ರಿ ಕುಡಿಯುವ ಹೊತ್ತಿಗೆ ಮೂವರೂ ಜಗಲಿಯಲ್ಲಿ ಕೂತು ನೋಡಿ. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ.