ಟ್ಯಾಂಕ್ ಲೀಕೋ, ಬೆಳಗಿನ ಚಳಿಯೋ?

ಪ್ರಶ್ನೆ: ಸರ್, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು, 20 ಲೀಟರಿನ ಏರ್ ಟ್ಯಾಂಕ್ ಮಾಡ್ತೀವಿ. ಸಾಯಂಕಾಲ 5 ಬಾರ್ ಗಾಳಿ ತುಂಬಿ ವಾಲ್ವ್ ಮುಚ್ಚಿಟ್ರೆ ಬೆಳಿಗ್ಗೆ ಗೇಜು 4.8ಕ್ಕೆ ಬಂದಿರುತ್ತೆ. ಸೋಪ್ ನೀರು ಹಚ್ಚಿದ್ರೆ ಒಂದು ಗುಳ್ಳೇನೂ ಇಲ್ಲ. ವೆಲ್ಡಿಂಗ್ ಸರಿಯಾಗೇ ಇದೆ ಅಂತಾನೆ ಹುಡುಗ, ಪಾರ್ಟಿ ಮಾಲು ಬೇಡ ಅಂತಾರೆ. ಏನ್ಮಾಡ್ಲಿ?
— ಓದುಗರು, ಮೈಸೂರು

ಉತ್ತರ: ಹುಡುಗನ್ನ ಬೈಬೇಡಿ ಸರ್, ಮೊದ್ಲು ಒಂದು ಥರ್ಮಾಮೀಟರ್ ತನ್ನಿ. ಮುಚ್ಚಿದ ಟ್ಯಾಂಕಲ್ಲಿ ಗಾಳಿ ತಣ್ಣಗಾದ್ರೆ ಸಾಕು, ಹೊರಗೆ ಚೂರೂ ಹೋಗ್ದೇ ಇದ್ರೂ ಪ್ರೆಷರ್ ಇಳಿಯುತ್ತೆ. ಗೇಜು ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ, ನಮ್ಮ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿರೋದ್ರಿಂದ ಇಲ್ಲಿ ಹೊರಗಿನ ಒತ್ತಡ 0.92 ಬಾರ್ ಆಸುಪಾಸು, ಅದನ್ನೂ ಸೇರಿಸಿದ್ರೆ ಒಳಗಿರೋದು 5.92. ಸಾಯಂಕಾಲ 30 ಡಿಗ್ರಿ, ಅಂದ್ರೆ 273 ಸೇರಿಸಿ 303 ಕೆಲ್ವಿನ್, ಬೆಳಿಗ್ಗೆ 20 ಡಿಗ್ರಿ ಅಂತಿಟ್ಕೊಳ್ಳಿ, ಇಳಿದಿದ್ದು 10. ಒಳಗಿನ ಪ್ರೆಷರ್ ಈ ಕೆಲ್ವಿನ್ ಲೆಕ್ಕಕ್ಕೆ ತಕ್ಕಂಗೇ ಇಳಿಯುತ್ತೆ. 5.92ನ್ನ 10ರಿಂದ ಗುಣಿಸಿ 303ರಿಂದ ಭಾಗಿಸಿದ್ರೆ 0.195. ನಿಮ್ಮ ಗೇಜು ಇಳಿದಿರೋದೂ ಅಷ್ಟೇ ಅಲ್ವಾ! ಇದ್ರ ಮೇಲೆ ಕಂಪ್ರೆಸರಿಂದ ಬಂದ ಗಾಳಿ ಬೇರೆ ಬಿಸಿ ಇರುತ್ತೆ, ತುಂಬಿದ ತಕ್ಷಣ ಬರ್ಕೊಂಡ್ರೆ ಆ ಲೆಕ್ಕ ಕೆಟ್ಟಂಗೆ.

ಅದಕ್ಕೇ ಟ್ಯಾಂಕ್ ತಣ್ಣಗಾದ್ಮೇಲೆ ಬರ್ಕೊಳ್ಳಿ, ಮಾರನೇ ದಿನ ಅದೇ ಟೆಂಪರೇಚರ್ ಬಂದಾಗ ಇನ್ನೊಂದ್ಸಲ ನೋಡಿ. ಆಗ್ಲೂ 0.1 ಕಮ್ಮಿ ಇದ್ರೆ ಅದು ನಿಜವಾದ ಲೀಕು, ಅಳೆಯೋದೂ ಸುಲಭ, 20 ಲೀಟರ್ ಗುಣಿಲೆ 0.1 ಅಂದ್ರೆ ದಿನಕ್ಕೆ 1 ಬಾರ್ ಒತ್ತಡದ 2 ಲೀಟರ್ ಗಾಳಿ, ನಿಮಿಷಕ್ಕೆ ಹತ್ತಿರಹತ್ತಿರ 1.4 ಎಂಎಲ್. ಅಷ್ಟು ಗಾಳಿ ಒಂದೇ ತೂತಿಂದ ಹೋಗ್ತಿದ್ರೆ ತೊಟ್ಟಿ ನೀರಲ್ಲಿ ಮುಳುಗಿಸಿದಾಗ ಗುಳ್ಳೆ ಸಾಲಾಗಿ ಏಳ್ಬೇಕು. ವಾಲ್ವು, ಗೇಜಿನ ಥ್ರೆಡ್ಡು ಇವನ್ನೂ ಮುಳುಗಿಸಿ, ಎಷ್ಟೋ ಸಲ ವೆಲ್ಡಿಂಗ್ ಗಟ್ಟಿಯಾಗೇ ಇದ್ದು ಅಲ್ಲೇ ಹೋಗ್ತಿರುತ್ತೆ. ಗೇಜಲ್ಲಿ ಒಂದೊಂದು ಗೆರೆ 0.2 ಇದ್ರೆ ಈ ಕೆಲ್ಸಕ್ಕೆ ಸಾಲ್ದು, ಡಿಜಿಟಲ್ ತಗೊಳ್ಳಿ. ಇನ್ನೊಂದು ಮಾತು, ಟ್ಯಾಂಕ್ ಎಷ್ಟು ಪ್ರೆಷರ್ ತಡೆಯುತ್ತೆ ಅಂತ ನೋಡೋ ಟೆಸ್ಟು ನೀರು ತುಂಬಿಯೇ ಮಾಡಿ, ಗಾಳಿಯಲ್ಲಿ ಬೇಡ್ವೇ ಬೇಡ, ಒಡೆದ್ರೆ ಪಕ್ಕದಲ್ಲಿ ನಿಂತೋರ ಪ್ರಾಣಕ್ಕೇ ಬರುತ್ತೆ.

ಪ್ರಶ್ನೆ: ಅಡುಗೆ ಸಿಲಿಂಡರಿಗೂ ಹಿಂಗೇ ಗೇಜ್ ಹಾಕಿ ಲೀಕ್ ಕಂಡುಹಿಡೀಬಹುದಾ?
— ಗೃಹಿಣಿ, ಮಂಡ್ಯ

ಉತ್ತರ: ಆಗಲ್ಲಮ್ಮ. ಅದ್ರೊಳಗೆ ಗ್ಯಾಸು ದ್ರವವಾಗಿ ಇರುತ್ತೆ, ಆ ದ್ರವ ಮುಗಿಯೋವರೆಗೂ ಪ್ರೆಷರ್ ಟೆಂಪರೇಚರಿಗೆ ತಕ್ಕಂಗೇ ಇರುತ್ತೆ, ಅರ್ಧ ಖಾಲಿಯಾದ್ರೂ ಗೇಜಿಗೆ ಗೊತ್ತಾಗಲ್ಲ. ಅದನ್ನ ತೂಕದಲ್ಲೇ ನೋಡ್ಬೇಕು. ಖಾಲಿ ಸಿಲಿಂಡರಿನ ತೂಕ ಅದ್ರ ಮೇಲೇ ಬರೆದಿರುತ್ತೆ, ಹೊಸದಾದ್ರೆ ಅದಕ್ಕೆ 14.2 ಕೆಜಿ ಕೂಡಿಸ್ಕೊಳ್ಳಿ. ವಾಸನೆ ಬಂದ್ರೆ ಮಾತ್ರ ತೂಕ ಗೀಕ ಅಂತ ಕೂರ್ಬೇಡಿ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಲೈಟಿನ ಸ್ವಿಚ್ ಮುಟ್ಬೇಡಿ, ಹೊರಗೆ ಬಂದು ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.