ಬಾಡಿಗೆ ಸೈನಿಕರ ಕಥೆಯಿರುವ ಹಳೆಯ ಸಾಹಸ ಚಿತ್ರಗಳಲ್ಲಿ ಒಂದನ್ನೇ ನೋಡುವುದಾದರೆ ಯಾವುದನ್ನು ನೋಡಲಿ?

ಒಂದೇ ಅಂದರೆ 1968ರ ‘ಡಾರ್ಕ್ ಆಫ್ ದಿ ಸನ್’ ನೋಡಿ. ಬ್ರಿಟನ್ನಿನಲ್ಲಿ ಇದು ‘ದಿ ಮರ್ಸೆನರೀಸ್’ ಹೆಸರಲ್ಲಿ ಬಂದಿತ್ತು, ಹುಡುಕುವಾಗ ಎರಡೂ ಹೆಸರು ಹಾಕಿ.

ಕಥೆ 1960ರ ದಶಕದ ಕಾಂಗೋದ್ದು. ಸಿಂಬಾ ದಂಗೆಕೋರರು ಮುನ್ನುಗ್ಗುತ್ತಿದ್ದಾರೆ. ದೂರದ ಊರೊಂದರಲ್ಲಿ ಯುರೋಪಿನವರು ಸಿಕ್ಕಿಹಾಕಿಕೊಂಡಿದ್ದಾರೆ, ಅಲ್ಲೇ ತಿಜೋರಿಯಲ್ಲಿ ಐದು ಕೋಟಿ ಡಾಲರ್ ಬೆಲೆಯ ವಜ್ರವಿದೆ. ಅಧ್ಯಕ್ಷರು ಬಾಡಿಗೆ ಸೈನಿಕ ಕ್ಯಾಪ್ಟನ್ ಕರ್ರಿಗೆ (ರಾಡ್ ಟೇಲರ್) ಒಂದು ಉಗಿಬಂಡಿ, ಮೂರು ದಿನದ ಗಡುವು ಕೊಟ್ಟು ಕಳಿಸುತ್ತಾರೆ. ಹೇಳಿಕೊಳ್ಳುವುದಕ್ಕೆ ಜನರ ರಕ್ಷಣೆ, ಬೇಕಾಗಿರುವುದು ವಜ್ರ.

ರೈಲು ಊರು ಮುಟ್ಟಿದರೆ, ತಿಜೋರಿಗೆ ಹಾಕಿರುವುದು ಟೈಮ್ ಲಾಕ್. ಮೂರು ಗಂಟೆ ಕಳೆಯದೆ ತೆರೆಯುವುದಿಲ್ಲ. ಜನರನ್ನು ಹತ್ತಿಸಿಕೊಂಡು ಹೊರಟುಬಿಡಬಹುದಿತ್ತು, ಹೊರಡುವುದಿಲ್ಲ. ವಜ್ರ ಕೈಗೆ ಬರುವಷ್ಟರಲ್ಲಿ ಸಿಂಬಾಗಳು ಬಂದೇಬಿಡುತ್ತಾರೆ. ರೈಲು ಹೊರಟಾಗ ಮಾರ್ಟರ್ ಗುಂಡು ಬಿದ್ದು ಕೊನೆಯ ಬೋಗಿಯ ಕೊಂಡಿ ಕಳಚುತ್ತದೆ. ಜನರೂ ವಜ್ರವೂ ಇರುವ ಆ ಬೋಗಿ ಇಳಿಜಾರಿನಲ್ಲಿ ಹಿಂದಕ್ಕೆ, ಊರಿನ ಕಡೆಗೇ ಉರುಳುತ್ತದೆ. ಎಷ್ಟೋ ಯುದ್ಧದ ಚಿತ್ರ ನೋಡಿದ್ದೇನೆ, ಆ ಬೋಗಿ ಉರುಳಿದಾಗ ಆದಷ್ಟು ಸಂಕಟ ಇನ್ನೆಲ್ಲೂ ಆಗಿಲ್ಲ.

ನಿರ್ದೇಶಕ ಜಾಕ್ ಕಾರ್ಡಿಫ್ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದವರು. ಚಿತ್ರೀಕರಣ ನಡೆದದ್ದು ಜಮೈಕಾದಲ್ಲಿ, ಆದರೂ ಆ ಹಳಿ, ಹೊಗೆ, ಕಾಡು ನಂಬಿಕೆ ಹುಟ್ಟಿಸುತ್ತವೆ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. 1961ರ ಜನವರಿಯಲ್ಲಿ ಕಾಂಗೋದ ಮೊದಲ ಪ್ರಧಾನಿ ಲುಮುಂಬಾರನ್ನು ಕೊಂದದ್ದು, ಅವರ ಬೆಂಬಲಿಗರೇ ಮುಂದೆ ಈ ದಂಗೆ ಎದ್ದದ್ದು, ಇದ್ಯಾವುದೂ ಚಿತ್ರದಲ್ಲಿಲ್ಲ. ಸಿಂಬಾಗಳೆಂದರೆ ಬರೀ ಕ್ರೂರ ಗುಂಪು. ಕರ್ರಿಯ ಜೊತೆಗಾರ, ಕಾಂಗೋದವನೇ ಆದ ರಫೋ (ಜಿಮ್ ಬ್ರೌನ್) ಒಬ್ಬನೇ ಆ ಕೊರತೆ ತುಂಬುತ್ತಾನೆ. ಕರ್ರಿ ದುಡ್ಡಿಗೆ ಬಂದವನು, ರಫೋ ತನ್ನ ನಾಡಿಗಾಗಿ ಬಂದವನು. ಅವರಿಬ್ಬರ ಸ್ನೇಹವೇ ಚಿತ್ರದ ಜೀವ.

ನಮಗೂ ಆ ನೆಲದ ನಂಟಿದೆ. ಬೆಂಗಳೂರಿನ ಕಿಂಗ್ ಜಾರ್ಜ್ ಸೈನಿಕ ಶಾಲೆಯಲ್ಲಿ ಕೆಲಕಾಲ ಓದಿದ್ದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, ವಿಶ್ವಸಂಸ್ಥೆಯ ಪಡೆಯಲ್ಲಿದ್ದಾಗ 1961ರ ಡಿಸೆಂಬರ್ 5ರಂದು ಕಾಂಗೋದಿಂದ ಬೇರೆಯಾಗಲು ಹೊರಟಿದ್ದ ಕಟಂಗಾ ಪ್ರಾಂತ್ಯದಲ್ಲಿ ಹೋರಾಡಿ ಮಡಿದರು. ಪರಮವೀರ ಚಕ್ರ ಪಡೆದವರು. ಅವರು ಎದುರಿಸಿದ ಕಟಂಗಾ ಪಡೆಯಲ್ಲಿ ಬಾಡಿಗೆ ಸೈನಿಕರಿದ್ದರು.

ಮಕ್ಕಳನ್ನು ಗುಂಡಿಕ್ಕಿ ಕೊಲ್ಲುವ ದೃಶ್ಯವಿದೆ, ಮರ ಕೊಯ್ಯುವ ಯಂತ್ರ ಹಿಡಿದು ಹೊಡೆದಾಡುವುದಿದೆ. ಮನೆಯಲ್ಲಿ ಚಿಕ್ಕವರಿದ್ದರೆ ಅವರು ಮಲಗಿದ ಮೇಲೆ ಹಾಕಿ.