ಇಂಪ್ಲಾಂಟ್ ಹಾಕಿಸಿ 7 ವರ್ಷದ ಮೇಲೆ ಒಂದು ಕಡೆ ಮಾತ್ರ ಯಾಕೆ ಗಟ್ಟಿಯಾಯ್ತು?

ಓದುಗರ ಪ್ರಶ್ನೆಗಳಿಗೆ ಪ್ಲಾಸ್ಟಿಕ್ ಸರ್ಜನ್ ಉತ್ತರ

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. 2018ರಲ್ಲಿ ಬೆಂಗಳೂರಿನಲ್ಲಿ ಎದೆಗೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡೆ. 7 ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಐದಾರು ತಿಂಗಳಿಂದ ಎಡಗಡೆಯದು ಮೇಲಕ್ಕೆ ಹೋದ ಹಾಗೆ, ಜಾಸ್ತಿ ದುಂಡಗೆ ಕಾಣುತ್ತಿದೆ. ಮುಟ್ಟಿದರೆ ಗಟ್ಟಿ. ಆ ಮಗ್ಗುಲಿಗೆ ಮಲಗಿದರೆ ನೋವು. ಮನೆಯಲ್ಲಿ ಯಜಮಾನರಿಗೆ ಬಿಟ್ಟು ಯಾರಿಗೂ ಈ ವಿಷಯ ಗೊತ್ತಿಲ್ಲ. ಯೂಟ್ಯೂಬ್ ನೋಡಿ ದಿನಾ ಗಟ್ಟಿಯಾಗಿ ಒತ್ತಿ ಮಸಾಜ್ ಮಾಡಿಕೊಳ್ಳುತ್ತಿದ್ದೇನೆ. ಒಳಗೆ ಒಡೆದಿದೆಯಾ ಡಾಕ್ಟ್ರೇ? ಕ್ಯಾನ್ಸರ್ ಇರಬಹುದಾ?

ಉತ್ತರ: ಮೊದಲು ಆ ಮಸಾಜ್ ನಿಲ್ಲಿಸಿ. ಹಿಂದೊಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಹೊರಗಿನಿಂದ ಬಲವಾಗಿ ಹಿಂಡಿ ಸಡಿಲ ಮಾಡುತ್ತಿದ್ದರು. ಒಳಗೆ ರಕ್ತ ಸೋರುವುದು, ಇಂಪ್ಲಾಂಟೇ ಒಡೆಯುವುದು ಆದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟೆವು. ಆಸ್ಪತ್ರೆಯಲ್ಲೇ ಬೇಡ ಅಂದದ್ದನ್ನು ಮನೆಯಲ್ಲಿ ಮಾಡಬಾರದು ಅಲ್ವಾ?

ನೀವು ಬರೆದ ಲಕ್ಷಣ ನೋಡಿದರೆ ಇದು ಹೆಚ್ಚಾಗಿ ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಹೊರಗಿನ ಯಾವ ವಸ್ತು ಒಳಗೆ ಕೂತರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡ ಎಲ್ಲರಿಗೂ ಈ ಪೊರೆ ಇರುತ್ತದೆ. ಬಲಗಡೆ ನಿಮಗೂ ಇದೆ, ತೆಳ್ಳಗೆ, ಮೆತ್ತಗೆ, ತನ್ನ ಪಾಡಿಗೆ. ಕೆಲವರಲ್ಲಿ ಅದು ದಪ್ಪವಾಗಿ ಬಿಗಿಯುತ್ತಾ ಬರುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ಸುತ್ತಲಿಂದ ಹಿಂಡಿದರೆ ಉಂಡೆಯಾಗುತ್ತದಲ್ಲ, ಒಳಗೂ ಹಾಗೇ. ಅದಕ್ಕೇ ನಿಮಗೆ ದುಂಡಗೆ, ಎತ್ತರದಲ್ಲಿ ಕಾಣುತ್ತಿರುವುದು. ಇದನ್ನು ಬೇಕರ್ ಗ್ರೇಡ್ ಅಂತ ನಾಲ್ಕು ಹಂತಗಳಲ್ಲಿ ಅಳೆಯುತ್ತೇವೆ. ಗಟ್ಟಿಯಾಗಿ, ನೋಡುವುದಕ್ಕೂ ಬದಲಾದರೆ ಮೂರನೆಯದು. ನೋವೂ ಸೇರಿದರೆ ನಾಲ್ಕನೆಯದು.

ಈ ತೊಂದರೆ ಬರುವವರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ವರ್ಷದೊಳಗೇ ಬರುತ್ತದೆ. ನಿಮಗೆ ಇಷ್ಟು ವರ್ಷ ಸುಮ್ನಿದ್ದು, ಒಂದೇ ಕಡೆ ಶುರುವಾಗಿದೆ. ಹಾಗಾದಾಗ ಇಂಪ್ಲಾಂಟ್ ಒಡೆದಿದೆಯಾ ಅಂತ ನೋಡಲೇಬೇಕು. ನಿಮ್ಮ ಅನುಮಾನದಲ್ಲಿ ಅರ್ಥ ಇದೆ. ಉಪ್ಪುನೀರು ತುಂಬಿದ ಇಂಪ್ಲಾಂಟ್ ಒಡೆದರೆ ಕೆಲವೇ ದಿನದಲ್ಲಿ ಆ ಕಡೆ ಇಳಿದುಹೋಗುತ್ತದೆ, ಕನ್ನಡಿಯಲ್ಲೇ ಗೊತ್ತಾಗುತ್ತದೆ. ಸಿಲಿಕೋನಿನದು ಹಾಗಲ್ಲ. ಈಗಿನ ಜೆಲ್ ಗಟ್ಟಿ. ಒಡೆದರೂ ಹೆಚ್ಚಾಗಿ ಪೊರೆಯೊಳಗೇ ಉಳಿಯುತ್ತದೆ, ಹೊರಗೆ ಏನೂ ಕಾಣದೇ ಇರಬಹುದು. ನೋಡೋಕೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಒಳಗೆ ಸರಿ ಇದೆ ಅನ್ನುವ ಹಾಗಿಲ್ಲ. ಅದಕ್ಕೇ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಂದು ಸಲಹೆ ಕೊಟ್ಟಿತು: ಸಿಲಿಕೋನ್ ಇಂಪ್ಲಾಂಟ್ ಇರುವವರು ತೊಂದರೆ ಇಲ್ಲದಿದ್ದರೂ 5ರಿಂದ 6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಬೇಕು. ನಿಮಗೆ ಲಕ್ಷಣಗಳೂ ಇರುವುದರಿಂದ ಅಲ್ಟ್ರಾಸೌಂಡ್ ತಕ್ಷಣ ಆಗಬೇಕು. ಅನುಮಾನ ಉಳಿದರೆ ಎಂಆರ್‌ಐ.

ಇನ್ನು ಕ್ಯಾನ್ಸರ್ ಮಾತು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಬರುವ ಒಂದು ಅಪರೂಪದ ಲಿಂಫೋಮಾ, ಅಂದರೆ ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್ ಇದೆ. ಅದು ಬರುವುದು ಮುಖ್ಯವಾಗಿ ಹೊರಮೈ ತರಿತರಿಯಾಗಿರುವ, ಅಂದರೆ ಟೆಕ್ಸ್ಚರ್ಡ್ ಇಂಪ್ಲಾಂಟ್‌ಗಳಲ್ಲಿ. ಈ ಕಾರಣಕ್ಕೇ ಅಲರ್ಗನ್ ಕಂಪನಿ 2019ರ ಜುಲೈನಲ್ಲಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಸಾಮಾನ್ಯವಾಗಿ ಇದು ಶುರುವಾಗುವುದು ಊತದಿಂದ. ವರ್ಷಗಳ ನಂತರ ಇದ್ದಕ್ಕಿದ್ದಂತೆ ಒಂದು ಕಡೆ ನೀರು ತುಂಬಿ ದೊಡ್ಡದಾಗುತ್ತದೆ. ನಿಮ್ಮದು ನಿಧಾನವಾಗಿ ಗಟ್ಟಿಯಾಗಿದೆ, ಊದಿಲ್ಲ. ಹಾಗಾಗಿ ಅದೇ ಅನ್ನಲು ಕಾರಣ ಕಡಿಮೆ. ಆದರೂ ಸ್ಕ್ಯಾನಿಂಗ್‌ನಲ್ಲಿ ಇಂಪ್ಲಾಂಟ್ ಸುತ್ತ ನೀರು ಕಂಡರೆ ಸೂಜಿಯಿಂದ ತೆಗೆದು, ಈ ಲಿಂಫೋಮಾ ಪತ್ತೆಗೆ ಮಾಡುವ ಸಿಡಿ30 ಪರೀಕ್ಷೆಗೆ ಕಳಿಸಲೇಬೇಕು. ಬೇಗ ಸಿಕ್ಕರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಅಂದ ಹಾಗೆ, ಟೆಕ್ಸ್ಚರ್ಡ್ ಹಾಕಿಸಿಕೊಂಡು ಯಾವ ತೊಂದರೆಯೂ ಇಲ್ಲದವರು ಇದನ್ನು ಓದಿ ಗಾಬರಿಯಿಂದ ತೆಗೆಸಿಕೊಳ್ಳಲು ಓಡಬೇಕಿಲ್ಲ. ಎಫ್‌ಡಿಎ ಕೂಡ ಹಾಗೆ ಹೇಳಿಲ್ಲ.

ನಿಮ್ಮದು ಯಾವ ಇಂಪ್ಲಾಂಟ್? ಪತ್ರದಲ್ಲಿ ಬರೆದಿಲ್ಲ. ಆಪರೇಷನ್ ಆದಾಗ ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ. ಕಂಪನಿ ಹೆಸರು, ಸೀರಿಯಲ್ ನಂಬರ್, ಗಾತ್ರ ಎಷ್ಟು ಸಿಸಿ, ಎಲ್ಲ ಅದರಲ್ಲಿರುತ್ತದೆ. ಮನೆಯವರ ಕಣ್ಣಿಗೆ ಬೀಳಬಾರದು ಅಂತ ಕಾರ್ಡನ್ನೇ ಹರಿದು ಹಾಕಿದವರನ್ನು ನೋಡಿದ್ದೇನೆ. ನೀವೂ ಹಾಗೆ ಮಾಡಿದ್ದರೆ ಆ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೇಳಿ. ಇಂಪ್ಲಾಂಟ್ ಡಬ್ಬದ ಸ್ಟಿಕ್ಕರನ್ನು ಸಾಮಾನ್ಯವಾಗಿ ಕೇಸ್ ಶೀಟಿಗೆ ಅಂಟಿಸಿರುತ್ತಾರೆ. ಮನೆಯಲ್ಲಿ ಹೇಳುವುದು ಬಿಡುವುದು ನಿಮ್ಮಿಷ್ಟ, ಅದರಲ್ಲಿ ನಾನು ತಲೆಹಾಕುವುದಿಲ್ಲ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಾತ್ರ ಮುಚ್ಚಿಡಬೇಡಿ. ಮುಂದೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸುವಾಗಲೂ ಮೊದಲೇ ಹೇಳಿ. ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ತೆಗೆಯುವ ಬೇರೆಯೇ ಭಂಗಿಗಳಿವೆ. ಟೆಕ್ನಿಷಿಯನ್‌ಗೆ ಗೊತ್ತಿಲ್ಲದಿದ್ದರೆ ಮಾಮೂಲಿ ಥರ ಒತ್ತುತ್ತಾರೆ, ಚಿತ್ರವೂ ಸರಿಯಾಗಿ ಬರುವುದಿಲ್ಲ.

ಕಾಂಟ್ರಾಕ್ಚರ್ ಅಂತ ಖಚಿತವಾದರೆ ನಾಲ್ಕನೇ ಹಂತಕ್ಕೆ ಮಾತ್ರೆ, ಎಣ್ಣೆ ಯಾವುದೂ ನಾಟುವುದಿಲ್ಲ. ಆಪರೇಷನ್ ಮಾಡಿ ಪೊರೆ ತೆಗೆದು, ಹೊಸ ಇಂಪ್ಲಾಂಟ್ ಹಾಕಬಹುದು. ಮೊದಲಿನದು ಸ್ನಾಯುವಿನ ಮೇಲಿದ್ದರೆ ಈ ಸಲ ಕೆಳಗೆ ಕೂರಿಸುತ್ತೇವೆ. ಮತ್ತೆ ಬರುವುದೇ ಇಲ್ಲ ಅಂತ ಯಾವ ಸರ್ಜನ್ ಮಾತು ಕೊಟ್ಟರೂ ನಂಬಬೇಡಿ. ಇಂಪ್ಲಾಂಟೇ ಸಾಕು ಅನ್ನಿಸಿದರೆ ತೆಗೆಸಿ ಹಾಗೇ ಬಿಡುವುದೂ ಒಂದು ದಾರಿ. ಚರ್ಮ ಸ್ವಲ್ಪ ಜೋತುಬೀಳುತ್ತದೆ ಅನ್ನುವುದು ತಿಳಿದಿರಲಿ.

ಪ್ರಶ್ನೆ: ವಯಸ್ಸು 27. ಎದೆಗೆ ಇಂಪ್ಲಾಂಟ್ ಹಾಕುವ ಆಪರೇಷನ್ ಆಗಿ ಐದು ವಾರ. ಎರಡೂ ಕುತ್ತಿಗೆ ಹತ್ತಿರ ಬಂದ ಹಾಗೆ ಮೇಲೆ ಕೂತಿವೆ, ಚರ್ಮ ಬಿಗಿದು ಹೊಳೆಯುತ್ತಿದೆ, ಎಡ-ಬಲ ಒಂದೇ ಥರ ಇಲ್ಲ. ದುಡ್ಡೂ ಹೋಯ್ತು, ರೂಪವೂ ಕೆಟ್ಟಿತು ಅಂತ ಅಳು ಬರುತ್ತಿದೆ.

ಉತ್ತರ: ಐದು ವಾರಕ್ಕೆ ತೀರ್ಮಾನ ಬೇಡ. ಸ್ನಾಯುವಿನ ಕೆಳಗೆ ಹಾಕಿದ್ದರೆ ಆ ಸ್ನಾಯು ಇನ್ನೂ ಬಿಗಿಯಾಗಿ ಇಂಪ್ಲಾಂಟನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಊತವೂ ಪೂರ್ತಿ ಇಳಿದಿರುವುದಿಲ್ಲ. ಸಡಿಲಾಗಿ ಕೆಳಗಿಳಿದು ಆಕಾರ ಕೂಡಲು ಮೂರರಿಂದ ಆರು ತಿಂಗಳು ಬೇಕು. ಎರಡೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಆಪರೇಷನ್‌ಗೆ ಮೊದಲು ತೆಗೆದ ಫೋಟೋ ಸರ್ಜನ್ ಹತ್ತಿರ ಇರುತ್ತದೆ, ಕೇಳಿ ನೋಡಿ. ಮೊದಲೂ ಎಡ-ಬಲ ಸಮ ಇರಲಿಲ್ಲ ಅನ್ನುವುದು ಹೆಚ್ಚಿನವರಿಗೆ ಆಗಲೇ ಗೊತ್ತಾಗುವುದು. ಆದರೆ ಒಂದು ಕಡೆ ಮಾತ್ರ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ, ಹೊಲಿಗೆಯಿಂದ ಏನಾದರೂ ಸೋರಿದರೆ, ಗಂಟೆಗಳಲ್ಲಿ ಊದಿಕೊಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಪ್ರಶ್ನೆ: ಅಮ್ಮನಿಗೆ 52. ಕ್ಯಾನ್ಸರ್‌ಗೆ ಸ್ತನ ತೆಗೆದು ಇಂಪ್ಲಾಂಟ್ ಇಟ್ಟರು, ಆಮೇಲೆ ರೇಡಿಯೇಷನ್ ಆಯಿತು. ಈಗ ಆ ಕಡೆ ಕಲ್ಲಿನಂತಾಗಿ ಕಂಕುಳ ಕಡೆ ಎಳೆದುಕೊಂಡಿದೆ. ಸರಿ ಮಾಡಿಸಲು ಇನ್ಶೂರೆನ್ಸ್ ಸಿಗುತ್ತದಾ?

ಉತ್ತರ: ರೇಡಿಯೇಷನ್ ಆದ ಕಡೆ ಪೊರೆ ಬಿಗಿಯುವ ಸಾಧ್ಯತೆ ತುಂಬಾ ಜಾಸ್ತಿ. ಆದರೂ ಮೊದಲು ಅವರ ಕ್ಯಾನ್ಸರ್ ಡಾಕ್ಟರಿಗೇ ತೋರಿಸಿ. ಗಟ್ಟಿಯಾಗಿರುವುದು ಪೊರೆಯೇ, ಗಂಟಲ್ಲ ಅನ್ನುವುದು ಖಾತ್ರಿಯಾಗಲಿ. ಅದೇ ಜಾಗಕ್ಕೆ ಇನ್ನೊಂದು ಇಂಪ್ಲಾಂಟ್ ಹಾಕಿದರೆ ಮತ್ತೆ ಹೀಗೇ ಆಗುವ ಭಯ ಇರುವುದರಿಂದ, ಹೊಟ್ಟೆ ಇಲ್ಲವೇ ಬೆನ್ನಿನಿಂದ ಅವರದೇ ಮಾಂಸ, ಚರ್ಮ ತಂದು ಕಟ್ಟುವುದು ಹೆಚ್ಚು ಬಾಳಿಕೆಯದು. ಆಪರೇಷನ್ ದೊಡ್ಡದು, ಸಕ್ಕರೆ ಕಾಯಿಲೆ ಇದ್ದರೆ, ಅಮ್ಮನ ಶಕ್ತಿ ಕಡಿಮೆಯಿದ್ದರೆ ಯೋಚಿಸಬೇಕು. ಇನ್ಶೂರೆನ್ಸ್ ವಿಷಯಕ್ಕೆ ಬಂದರೆ, ಪಾಲಿಸಿಯಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಹಣ ಇಲ್ಲ ಅಂತ ಬರೆದಿರುವ ಸಾಲಿನಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರ ಮತ್ತೆ ಕಟ್ಟುವ ಆಪರೇಷನ್‌ಗೆ ವಿನಾಯಿತಿ ಇರುತ್ತದೆ. ಕ್ಲೇಮ್ ಅರ್ಜಿಗೆ ಕ್ಯಾನ್ಸರ್ ಆಪರೇಷನ್ನಿನ ಡಿಸ್ಚಾರ್ಜ್ ಸಮರಿ ಲಗತ್ತಿಸಿ, ಕ್ಯಾನ್ಸರ್ ನಂತರದ ಪುನರ್‌ರಚನೆ ಅಂತ ಸರ್ಜನ್ ಕೈಯಲ್ಲೇ ಸ್ಪಷ್ಟವಾಗಿ ಬರೆಸಿ.